ಸಾಹೇಬರ ಮಳೆ ಪೆಟ್ಟಿಗೆ

ಸಾಹೇಬರ ಎಡಗೈ ಹೆಬ್ಬೆರಳಿನ ಉಗುರು ಬೆಸುಗೆಯ ಕಾವಿಗೆ ಸುಟ್ಟು ಹುಣಸೆಬೀಜದಂತಾಗಿತ್ತು. ಆ ಬೆರಳನ್ನೇ ಆಕಾಶಕ್ಕೆ ತೋರಿಸಿ ಮಾತಾಡುತ್ತಿದ್ದರು. ಯಲ್ಲಾಪುರ ಪೇಟೆಯಲ್ಲಿ ನನ್ನ ಫ್ಯಾನು, ಮಿಕ್ಸರ್ ಅಂಗಡಿಗೆ ತಾಗಿಯೇ ಅವರ ರೇಡಿಯೋ ರಿಪೇರಿ ಅಂಗಡಿ. ಊರಿಗೆಲ್ಲ ಅವರು ಸಾಹೇಬರು. ನನಗೋ, ಸುಳ್ಳು ಯಾಕೆ ಹೇಳಲಿ, ಅವರನ್ನು ಕಂಡರೆ ಹೊಟ್ಟೆಕಿಚ್ಚು.

ಹವಾಮಾನ ಅಳೆಯುವ ಒಂದು ಜಾಲಕ್ಕೆ ಸೇರಲು ಅವರು ಹೊರಟರು. ಅದಕ್ಕೆ ಒಬ್ಬ ಯಜಮಾನ ಅಂತಿಲ್ಲ. ಊರೂರಿನ ಜನ ತಂತಮ್ಮ ತಾರಸಿಗೆ ಪೆಟ್ಟಿಗೆ ಕೂರಿಸಿ ಮಳೆ, ಗಾಳಿ, ಬಿಸಿಲಿನ ಅಳತೆ ಕಳಿಸಿದರೆ ಅಂಕ ಸಿಗುತ್ತದೆ, ಅಂಕಕ್ಕೆ ಒಂದಿಷ್ಟು ಕಾಸು; ಎಲ್ಲ ಪೆಟ್ಟಿಗೆಗಳ ಅಳತೆಯೂ ಸೇರಿದವರ ಫೋನಿನಲ್ಲಿ ಕಾಣುತ್ತದೆ. ಪೆಟ್ಟಿಗೆ ಕೊಳ್ಳುವ ಮೊದಲೇ ಸಾಹೇಬರು ಹದಿನೈದು ದಿನ ತಾರಸಿ ಹತ್ತಿ ಇಳಿದರು. ನೀರಿನ ಟಾಂಕಿಯ ನೆರಳು ಎಲ್ಲಿ ಬೀಳುತ್ತದೆ, ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಹತ್ತಿರದಲ್ಲಿ ಬೇರೆ ಯಾರದಾದರೂ ಪೆಟ್ಟಿಗೆ ಇದೆಯೇ, ಎಲ್ಲವನ್ನೂ ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು.

“ಎಂತ ಸಾಹೇಬ್ರೆ, ಹೆಣ್ಣು ನೋಡಿದಂಗೆ ನೋಡ್ತೀರಲ್ಲ!” ಎಂದು ಕಿಚಾಯಿಸಿದೆ.

“ಮೊದ್ಲು ಜಾಗ, ಆಮೇಲೆ ಪೆಟ್ಗೆ, ಹೆಗಡೇರೆ,” ಅಂದರು.

ಪೆಟ್ಟಿಗೆ ಕೂತದ್ದೇ ತಡ, ಪೇಟೆಗೆ ಪೇಟೆಯೇ ಮಳೆ ಬರುತ್ತದೋ ಇಲ್ಲವೋ ಎಂದು ಅವರನ್ನು ಕೇಳತೊಡಗಿತು. ನನ್ನ ಹೆಂಡತಿ ಕೂಡ! ಹಪ್ಪಳ ಹರವುವ ಮುಂಚೆ ಅವರಂಗಡಿಗೆ ಹೋಗಿ ಕೇಳಿ ಬಂದಳು. ಅವತ್ತು ನನಗೆ ಊಟ ಸೇರಲಿಲ್ಲ. ವಾರದೊಳಗೆ ನಾನೂ ಅಂಥದೇ ಪೆಟ್ಟಿಗೆ ತರಿಸಿ, ನನ್ನ ತಗಡಿನ ಮಾಡಿಗೆ ಅರ್ಧ ಗಂಟೆಯಲ್ಲಿ ಬಿಗಿದೆ. ಅಷ್ಟು ಹತ್ತಿರ ಎರಡಾದರೆ ಅಂಕ ಹಂಚಿಹೋಗುತ್ತದೆಂದು ನನಗೆ ಗೊತ್ತಿತ್ತು. ಅವರದ್ದು ಕಡಿಮೆಯಾಗಲಿ ಎಂದೇ ಬಿಗಿದದ್ದು.

ಆದರೆ ಕಾದ ತಗಡಿನ ಬಿಸಿಗೆ ನನ್ನ ಅಳತೆಯೆಲ್ಲ ತಪ್ಪಿತು. ಜಾಲ ಅದನ್ನು ಒಪ್ಪಲೇ ಇಲ್ಲ.

ಒಂದು ಬೆಳಿಗ್ಗೆ ಸಾಹೇಬರು ಉದ್ದನೆಯ ಪೈಪು ಹೊತ್ತು ಬಂದರು. ಬೈಯುತ್ತಾರೆಂದುಕೊಂಡೆ.

“ತಗಡಿಗೆ ಹತ್ರ ಆಯ್ತು, ಹೆಗಡೇರೆ. ಎತ್ರ ಮಾಡ್ಬೇಕು,” ಎಂದು ತಾವೇ ಏಣಿ ಹತ್ತಿ ಪೆಟ್ಟಿಗೆಯನ್ನು ಪೈಪಿನ ತುದಿಗೇರಿಸಿದರು. ಆಮೇಲೆ ತಮ್ಮ ತಾರಸಿಗೆ ಹೋಗಿ ತಮ್ಮದನ್ನೇ ಬಿಚ್ಚಿದರು!

“ಅಯ್ಯೋ, ಎಂತಕ್ಕೆ?”

“ಇಲ್ಲಿಗೆ ನಿಮ್ದೊಂದು ಸಾಕು. ವಜ್ರಳ್ಳಿ ಕಡೆ ಒಂದೂ ಇಲ್ಲ. ಮಳೆ ಬರೋದು ಅಲ್ಲಿಂದ್ಲೇ.”

ಅವರ ಪೆಟ್ಟಿಗೆ ವಜ್ರಳ್ಳಿಯ ಗೆಳೆಯರೊಬ್ಬರ ಮನೆ ಮೇಲೆ ಕೂತಿತು.

ಹೋದ ವರ್ಷ ಸಾಹೇಬರು ತೀರಿಕೊಂಡರು. ಕ್ಷಮಿಸಿ ಅನ್ನುವ ಮಾತು ನನ್ನ ಬಾಯಲ್ಲೇ ಉಳಿಯಿತು. ಈಗ ಪೇಟೆಯ ಜನ ಮಳೆ ಕೇಳಲು ನನ್ನಲ್ಲಿಗೇ ಬರುತ್ತಾರೆ. ನಾನು ಫೋನು ತೆಗೆದು ಗತ್ತಿನಿಂದ ಹೇಳುತ್ತೇನೆ. ಹೆಂಡತಿ ಮಾತ್ರ ಹಪ್ಪಳದ ಚಾಪೆ ಹಿಡಿದು ನಿಂತು, “ಅದಿರಲಿ, ಸಾಹೇಬ್ರ ಪೆಟ್ಗೆ ಎಂತ ಹೇಳ್ತು?” ಅನ್ನುತ್ತಾಳೆ.

ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ವಜ್ರಳ್ಳಿಯದ್ದನ್ನು ನೋಡದೆ ನಾನೂ ಅವಳಿಗೆ ಹರವು ಅನ್ನುವುದಿಲ್ಲ.