ಬಾಯಿ ತೆರೆದ ಮಾವ

ನಮ್ಮ ಕಚೇರಿಯಲ್ಲೊಬ್ಬ ಮಹಾಪುರುಷನಿದ್ದಾನೆ. ಅವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ಅವರ ಬೆನ್ನ ಹಿಂದಿನ ಗೋಡೆ ಮಾತ್ರ ಕಾಣುತ್ತದೆ. ಕಳ್ಳನೊಬ್ಬ ಇವನ ಚೀಲ ಕಿತ್ತುಕೊಂಡು ಓಡಿದಾಗ, ಪೊಲೀಸರಿಗೆ ಕಳ್ಳನ ಚಹರೆ ಬಿಟ್ಟು ಅವನ ಹಿಂದಿದ್ದ ಜಾಹೀರಾತು ಫಲಕವನ್ನು ಅಕ್ಷರ ಬಿಡದೆ ವರ್ಣಿಸಿದನಂತೆ. ಮೊಬೈಲ್ ಆ್ಯಪುಗಳ ಪರದೆಗೆ ಹಿನ್ನೆಲೆ ಚಿತ್ರ ಕೂರಿಸುವುದೇ ಅವನ ಕಸುಬು. ಹಾಗಾಗಿ ನಾವು ಅವನನ್ನು ಕರೆಯುವುದೂ ಹಿನ್ನೆಲೆ ಎಂದೇ.

ಈ ವೀರ ಮುಗ್ಗರಿಸಿದ್ದು ಒಂದು ಹಲ್ಲಿನ ಆಸ್ಪತ್ರೆಯ ಆ್ಯಪಿನಲ್ಲಿ. ತಿಂಗಳಿಗೊಂದು ಹೊಸ ಚಿತ್ರ ಬೇಕೆಂದು ಅಲ್ಲಿನ ಡಾಕ್ಟರಮ್ಮನ ಹಠ. ಅದಕ್ಕೆ ಅವನು ಚಿತ್ರವನ್ನು ಆ್ಯಪಿನೊಳಗೆ ಇಡದೆ, ಎಲ್ಲೋ ದೂರದ ಸರ್ವರಿನಿಂದ ಇಂಟರ್ನೆಟ್ಟಿನಲ್ಲಿ ಬರುವಂತೆ ಮಾಡಿದ. ಬರುವ ತನಕ ಪರದೆ ಬೋಳಾಗಿರಬಾರದಲ್ಲ? ಪರೀಕ್ಷೆಗೆಂದು ಬದಲಿ ಚಿತ್ರವೊಂದನ್ನು ಒಳಗಿಟ್ಟ: ಸೋಫಾದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಹೆಂಡತಿಯ ಅಪ್ಪ, ತನ್ನ ಮಾವನ ಫೋಟೋ. ಆಮೇಲೆ ತೆಗೆಯಲು ಮರೆತ. ಕಚೇರಿಯ ಇಂಟರ್ನೆಟ್ ಕುದುರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ತಿಂಗಳ ಬೆಟ್ಟದ ಚಿತ್ರ ಬಂದು ಮಾವನನ್ನು ಮುಚ್ಚಿಬಿಡುತ್ತಿತ್ತು.

ಊರಿನ ಸಿಗ್ನಲ್ ಆಮೆಯೆಂದು ಗೊತ್ತಾದದ್ದು ಆ್ಯಪ್ ಬಿಡುಗಡೆಯಾದ ಮೇಲೆ, ಒಂದು ಲಿಫ್ಟಿನಲ್ಲಿ. ನಾಲ್ಕು ಮಹಡಿ ಏರಿದರೂ ಅವನ ಫೋನಿನ ಪರದೆಯಲ್ಲಿ ಮಾವ ಬಾಯಿ ಮುಚ್ಚಲಿಲ್ಲ. ಅಂದೇ ತಿದ್ದಿ ಹೊಸದನ್ನು ಕಳಿಸಿದ. ಆದರೆ ಅಪ್‌ಡೇಟ್ ಮಾಡಿಕೊಳ್ಳುವ ಪುಣ್ಯಾತ್ಮರು ಎಷ್ಟು ಮಂದಿ?

ಮಾವ ನಿವೃತ್ತ ಹೆಡ್ಮಾಸ್ಟರು. ಮೂವತ್ತು ವರ್ಷ, ತರಗತಿಯಲ್ಲಿ ಆಕಳಿಸಿದವರನ್ನು ಹೊರಗೆ ನಿಲ್ಲಿಸಿದವರು. "ನನ್ನ ಅಳಿಯನ್ನ ಕಣ್ಮುಚ್ಚಿ ನಂಬಬಹುದು" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಕಣ್ಣು ಮುಚ್ಚಿದಾಗಲೇ ತೆಗೆದ ಫೋಟೋ ಅದು! ಆ ಮಾತು ಅಳಿಯನ ಎದೆಗೆ ಮುಳ್ಳಾಯಿತು. ಮೂರು ವಾರ ಅವರಿಗೆ ಹಣ್ಣು ಹೆಚ್ಚಿಕೊಟ್ಟ, ಚಪ್ಪಲಿ ಒರೆಸಿಟ್ಟ.

"ಏನಯ್ಯಾ, ಕೆಲ್ಸ ಹೋಯ್ತಾ?"

"ಇಲ್ಲ ಮಾವ."

"ಮತ್ಯಾಕೆ ನನ್ನ ಚಪ್ಪಲಿ ಹಿಂದೆ ಬಿದ್ದಿದೀಯ?"

ಅಷ್ಟರಲ್ಲಿ ಮಾವನ ದವಡೆಹಲ್ಲು ನೋಯತೊಡಗಿತು, ಅಳಿಯನೇ ಕರೆದೊಯ್ಯಬೇಕಾಯಿತು. ಹತ್ತಿರದಲ್ಲಿದ್ದದ್ದು ಅದೇ ಆಸ್ಪತ್ರೆ, ಅದೂ ಸಿಗ್ನಲ್ ತೆವಳುವ ನೆಲಮಾಳಿಗೆಯಲ್ಲಿ. ಟೋಕನ್ ಸಿಗುವುದು ಆ್ಯಪಿನಲ್ಲೇ. ಕಾಯುವ ಕೋಣೆಯಲ್ಲಿ ಹತ್ತು ಫೋನು, ಹತ್ತರಲ್ಲೂ ಮಾವ. ಪಕ್ಕದಲ್ಲಿ ಮಗು ಎತ್ತಿಕೊಂಡಿದ್ದ ಹೆಂಗಸು ಫೋನು ನೋಡಿದಳು, ಮಾವನನ್ನು ನೋಡಿದಳು.

"ಅಯ್ಯೋ, ನೀವೇ ಅಲ್ವಾ ಇದು! ನಿಮ್ಮನ್ನ ತೋರಿಸಿದ್ಮೇಲೇನೇ ನಮ್ಮ ಪಾಪು ಡಾಕ್ಟ್ರ ಮುಂದೆ ಆ ಅನ್ನೋಕೆ ಕಲ್ತಿದ್ದು."

ಮಾವ ಫೋನು ಇಸಿದುಕೊಂಡು, ಕನ್ನಡಕ ಏರಿಸಿ, ತಮ್ಮ ಕಿರುನಾಲಿಗೆಯವರೆಗೂ ನೋಡಿದರು.

"ನಿನ್ನ ಕೆಲ್ಸಾನಾ?"

"ಹೂಂ ಮಾವ."

ಹೊರಗೆ ನಿಲ್ಲಲು ಅವನು ಅರ್ಧ ಎದ್ದೇಬಿಟ್ಟಿದ್ದ. ಆದರೆ ಮಾವ ಕಾಲರ್ ಸರಿಮಾಡಿಕೊಂಡು, ಇಡೀ ಕೋಣೆಗೆ ಕೇಳುವಂತೆ ಗಂಟಲು ಸರಿಪಡಿಸಿಕೊಂಡರು. "ಭಯ ಪಡೋರಿಗೆ ಧೈರ್ಯ ಕೊಡೋ ಮುಖ ಬೇಕು ಅಂತ, ಊರೆಲ್ಲ ಹುಡುಕಿ ನನ್ನನ್ನೇ ಆರಿಸಿದ್ಯಾ?"

ಹೂಂ ಎಂದರೆ ಮೂರು ವಾರದ ಪಾಪ ಅಲ್ಲೇ ಪರಿಹಾರ. ನಮ್ಮ ಹಿನ್ನೆಲೆ, ಜೀವನದಲ್ಲಿ ಮೊದಲ ಸಲ, ಗೋಡೆ ಬಿಟ್ಟು ಮಾವನ ಮುಖ ನೋಡಿದ.

"ಇಲ್ಲ ಮಾವ. ಫೋಟೋ ಅಳತೆ ಪರದೆಗೆ ಸರಿಹೋಯ್ತು, ಅಷ್ಟೇ."