ಬಾಲ್ಕನಿಯ ಮಣ್ಣಿನ ಬಟ್ಟಲು

ಮುಂಬೈನ ಬೊರಿವಲಿಯಲ್ಲಿರುವ ಅಣ್ಣನ ಮನೆಗೆ ಬಂದಿದ್ದೇನೆ. ಇವರ ಹೌಸಿಂಗ್ ಸೊಸೈಟಿಯ ಪ್ರತಿ ಬಾಲ್ಕನಿಯಲ್ಲೂ ಹಕ್ಕಿಗಳಿಗೆಂದು ಮಣ್ಣಿನ ಬಟ್ಟಲಲ್ಲಿ ನೀರಿಡುತ್ತಾರೆ. ಬೆಳಿಗ್ಗೆ ನಾನೇ ಬಾಲ್ಕನಿಯ ನಲ್ಲಿಯಿಂದ ಬಟ್ಟಲು ತುಂಬಿಸಿ, ಫೋಟೊ ತೆಗೆದು, ಮೈಸೂರಿನ ಗೆಳತಿಯರ ಗ್ರೂಪಿಗೆ ಕಳಿಸಿದೆ.

ಆಮೇಲೆ ಅತ್ತಿಗೆ ಬಿಲ್ಡಿಂಗಿನ ಹಿಂದಿರುವ ಪುಟ್ಟ ಕೆರೆಗೆ ಕರೆದೊಯ್ದರು. ನೀರು ದಡ ಬಿಟ್ಟು ನಡುವಿಗೆ ಸರಿದಿತ್ತು. ನೀರುಕೋಳಿಯೊಂದು ಮರಿಗಳೊಂದಿಗೆ ಬರಿಯ ಕೆಸರಿನಲ್ಲಿ ನಡೆಯುತ್ತಿತ್ತು. ದಡದಲ್ಲಿ ನಾಯಿಯೊಂದು ನೋಡುತ್ತ ಕೂತಿತ್ತು. ಕೆರೆಯಿಂದ ಹೊರಟ ದಪ್ಪ ಪೈಪು ಸೊಸೈಟಿಯ ಗೋಡೆ ದಾಟಿತ್ತು.

"ನಮ್ದೇ ಪಂಪು. ಟ್ಯಾಂಕರ್ ಬಂದ್ ಮಾಡಿದ್ವಿ. ಲಾನಿಗೆ, ಕಾರು ತೊಳೆಯೋಕೆ ಇದೇ ನೀರು," ಅತ್ತಿಗೆಯ ದನಿಯಲ್ಲಿ ಹೆಮ್ಮೆಯಿತ್ತು.

"ಬಾಲ್ಕನಿ ನಲ್ಲೀಲೂ?"

"ಹೂಂ, ಅಲ್ಲೂ ಇದೇ."

ಫೋನ್ ಸದ್ದು ಮಾಡಿತು. "ಪುಣ್ಯದ ಕೆಲಸ ಕಣೇ," ಎಂದು ಗೆಳತಿಯೊಬ್ಬಳು ಬರೆದಿದ್ದಳು. ಅತ್ತಿಗೆಗೆ ಕಾಣದಂತೆ ಫೋನನ್ನು ಬ್ಯಾಗಿಗೆ ತುರುಕಿದೆ. ಮರಿಗಳು ಇನ್ನೂ ನೀರು ಮುಟ್ಟಿರಲಿಲ್ಲ.