ಮೊಟ್ಟೆಯ ಭೂಮಿ, ಕಾಕಾನ ಗುಡ್ಡ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಶಾಲೆ ಇದೆ. ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಬೇಯಿಸಿದ ಮೊಟ್ಟೆಯ ವಾಸನೆ ಹತ್ತು ಮನೆ ದಾಟಿ ಬರುತ್ತದೆ. ಪಕ್ಕದ ಮನೆಯಾಕೆ ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚುತ್ತಾರೆ. ನಾನು ಮಾತ್ರ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ತಿನ್ನುವ ಆಸೆಯಿಂದಲ್ಲ, ದೇವರಾಣೆ. ನಮ್ಮ ಮನೆಯಲ್ಲಿ ಮೊಟ್ಟೆ ಒಲೆ ಏರಿದ್ದೇ ಇಲ್ಲ. ಆ ವಾಸನೆ ಬಂದರೆ ಮಸ್ಕತ್ತಿನ ಒಂದು ಶಾಲೆಯ ಲ್ಯಾಬು, ಅಲ್ಲಿ ನೂಲು ಹಿಡಿದು ಮೊಟ್ಟೆಯನ್ನು ಎರಡು ಹೋಳು ಮಾಡುತ್ತಿದ್ದ ಹಿರಿಯರೊಬ್ಬರು ಕಣ್ಣ ಮುಂದೆ ಬರುತ್ತಾರೆ.

ನಾನು ಗಣಿತದವಳು. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಗಂಡನ ಜೊತೆ ಮಸ್ಕತ್ತಿಗೆ ಹೋದಾಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅಲ್ ಖುವೈರ್‌ನ ಫ್ಲ್ಯಾಟಿನಲ್ಲಿ ಕೂತು ಹೈವೇ ಮೇಲಿನ ಕಾರು ಎಣಿಸಿ ಎಣಿಸಿ ಸಾಕಾಗಿ, ಒಂದು ಸಣ್ಣ ಇಂಡಿಯನ್ ಶಾಲೆಗೆ ಅರ್ಜಿ ಹಾಕಿದೆ. ಕೆಲಸ ಸಿಕ್ಕಿತು. ಆದರೆ ಕೊಟ್ಟಿದ್ದು ಗಣಿತವಲ್ಲ, ಏಳನೇ ತರಗತಿಯ ಸೈನ್ಸ್. ಭೂಮಿಯ ಪದರಗಳಿಂದ ಹಿಡಿದು ಜೀವಕೋಶದವರೆಗೆ ಎಲ್ಲವೂ ಅದರಲ್ಲಿತ್ತು. ಆರು ತಿಂಗಳು ಪ್ರೊಬೇಷನ್, ಅದು ಮುಗಿದ ಮೇಲೆ ಕೆಲಸ ಕಾಯಂ. ಹತ್ತನೇ ಕ್ಲಾಸಿನ ನಂತರ ನಾನು ಜೀವಶಾಸ್ತ್ರದ ಪುಸ್ತಕ ಮುಟ್ಟಿಯೇ ಇರಲಿಲ್ಲ.

ನನ್ನ ಮಾನ ಕಾಪಾಡಿದವರು ಲ್ಯಾಬಿನ ಅಟೆಂಡರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ಐವತ್ತೈದು ದಾಟಿದ ವಯಸ್ಸು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಮಕ್ಕಳಿಗೆ ಅವರು ಲ್ಯಾಬ್ ಅಂಕಲ್, ನಮಗೆಲ್ಲ ಕಾಕಾ. ಮೊದಲ ಸಲ ಈರುಳ್ಳಿ ಸಿಪ್ಪೆಯ ಸ್ಲೈಡ್ ಮಾಡಿದಾಗ ನಾನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು, "ಆಹಾ, ಎಷ್ಟು ದುಂಡಗಿದೆ ಸೆಲ್!" ಅಂದೆ. ಕಾಕಾ ಕೆಮ್ಮಿದರು. ಸಂಜೆ ಮಕ್ಕಳೆಲ್ಲ ಹೋದ ಮೇಲೆ ಬಾಗಿಲು ಅರ್ಧ ಮುಂದೆ ಮಾಡಿ, ಮೆಲ್ಲಗೆ ಹೇಳಿದರು.

"ಟೀಚರೇ, ಬೇಜಾರು ಮಾಡ್ಬೇಡಿ. ಅದು ಸೆಲ್ ಅಲ್ಲ, ಗಾಳಿಯ ಗುಳ್ಳೆ. ಸೆಲ್ ಅಂದ್ರೆ ಇಟ್ಟಿಗೆ ಕಟ್ಟಿದ ಹಾಗೆ ಸಾಲಾಗಿ ಉಂಟು. ಕವರ್ ಸ್ಲಿಪ್ಪನ್ನು ಓರೆ ಹಿಡಿದು ಮೆಲ್ಲ ಇಳಿಸ್ಬೇಕು. ಪಟಕ್ಕ ಅಂತ ಹಾಕಿದ್ರೆ ಗುಳ್ಳೆ ಬರ್ತದೆ."

ಓರೆ ಹಿಡಿದು ಇಳಿಸುವುದನ್ನು ಅವರು ನನಗೆ ನಾಲ್ಕು ಸಂಜೆ ಕಲಿಸಿದರು. ಒಂದು ತೊಟ್ಟು ಅಯೋಡಿನ್ ಹಾಕಿ, ಹೆಚ್ಚಾದದ್ದನ್ನು ಕಾಗದದ ಚೂರಿನಿಂದ ಹೀರಿಸಿ, ಕೊನೆಗೊಂದು ದಿನ ಇಟ್ಟಿಗೆ ಸಾಲು ಕಣ್ಣಿಗೆ ಬಿದ್ದಾಗ ನಾನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಈ ಪಾಠದ ವಿಷಯ ಅವರು ಸ್ಟಾಫ್ ರೂಮಿನಲ್ಲಿ ಒಬ್ಬರ ಕಿವಿಗೂ ಹಾಕಲಿಲ್ಲ... ಇಂಥವರಿಗೆ ನಾನು ಮಾಡಿದ್ದೇನು ಅಂತ ಈಗ ಹೇಳಬೇಕು.

ಸೆಪ್ಟೆಂಬರಿನ ಒಂದು ಶನಿವಾರ. ಅಲ್ಲಿ ಗುರುವಾರ, ಶುಕ್ರವಾರ ರಜೆ. ವಾರ ಶುರುವಾಗುವುದೇ ಶನಿವಾರ. ಅಂದು ಭೂಮಿಯ ಒಳರಚನೆಯ ಪಾಠ. ಬೇಯಿಸಿದ ಮೊಟ್ಟೆ ಕೊಯ್ದು ತೋರಿಸುವುದು ನನ್ನ ಯೋಜನೆ: ಚಿಪ್ಪು ಅಂದರೆ ಹೊರಪದರ, ಬಿಳಿ ಅಂದರೆ ಅದರ ಕೆಳಗಿನ ದಪ್ಪ ಪದರ ಮ್ಯಾಂಟಲ್, ಹಳದಿ ಅಂದರೆ ನಡುವಿನ ಗರ್ಭ. ಮೊಟ್ಟೆ ಮುಟ್ಟಲು ನನಗೆ ಕೈ ಬಾರದು. ಕಾಕಾ ತಮ್ಮ ರೂಮಿನಿಂದಲೇ ಬೇಯಿಸಿ ತಂದು, ಚಾಕು ಬೇಡವೆಂದು ಚಿಪ್ಪಿಗೆ ಗೆರೆ ಎಳೆದು ಬಿರುಕು ಮಾಡಿ, ನೂಲು ಸುತ್ತಿ ಎಳೆದರು. ಹಳದಿ ಒಂದು ಚೂರೂ ಕದಡಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಮ್ಯಾಮ್, ಮ್ಯಾಂಟಲ್ಲನ್ನು ಯಾರಾದರೂ ನೋಡಿದ್ದಾರಾ?"

"ಇಲ್ಲ. ಅಷ್ಟು ಆಳಕ್ಕೆ ಯಾರೂ ಹೋಗಿಲ್ಲ, ಯಾರೂ ನೋಡಿಲ್ಲ," ಅಂದೆ. ಪುಸ್ತಕದಲ್ಲಿ ಆಳಕ್ಕೆ ಹೋಗಿಲ್ಲ ಅಂತ ಮಾತ್ರ ಇತ್ತು. ನೋಡಿಲ್ಲ ಅನ್ನುವುದು ನಾನೇ ಸೇರಿಸಿದ ಒಗ್ಗರಣೆ.

ಕಾಕಾ ಸಿಂಕಿನ ಹತ್ತಿರ ಕೈ ತೊಳೆಯುತ್ತಿದ್ದವರು ತಿರುಗಿದರು. ಮಕ್ಕಳಿಗೂ ತಿಳಿಯಲೆಂದು ತಮ್ಮ ಹರುಕುಮುರುಕು ಹಿಂದಿಯಲ್ಲಿ, ಕಿಟಕಿಯಾಚೆಯ ಕಂದು ಗುಡ್ಡ ತೋರಿಸಿ, "ನೋಡಿದ್ದಾರೆ ಟೀಚರೇ, ಆ ಗುಡ್ಡ ಉಂಟಲ್ಲ, ಅದೇ ಅದು. ಒಳಗಿದ್ದದ್ದು ಹೊರಗೆ ಬಂದದ್ದು," ಅಂದರು.

ತರಗತಿ ಗೊಳ್ಳೆಂದಿತು. ಅವರು ನಕ್ಕಿದ್ದು ಕಾಕಾನನ್ನು ನೋಡಿಯೋ ನನ್ನನ್ನು ನೋಡಿಯೋ ತಿಳಿಯಲಿಲ್ಲ. ನನಗೆ ಮೈ ಉರಿಯಿತು. "ಕಾಕಾ, ನೀವು ಮೊಟ್ಟೆ ಕೊಯ್ದರೆ ಸಾಕು. ಭೂಮಿ ಕೊಯ್ಯೋದು ನನಗೆ ಬಿಡಿ," ಅಂತ ನಾನೂ ಹಿಂದಿಯಲ್ಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮಕ್ಕಳು ಇನ್ನೂ ಜೋರಾಗಿ ನಕ್ಕರು. ಕಾಕಾ ಕೂಡ ನಕ್ಕು, ಟವಲ್ಲಿಗೆ ಕೈ ಒರೆಸಿಕೊಂಡು, ಒಳಗಿನ ಸ್ಟೋರಿಗೆ ಹೋದರು.

ಅಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಗಲಾಟೆ ಕೇಳಿ ಪ್ರಿನ್ಸಿಪಾಲ್ ಮೇಡಂ ಬಂದು ಏನಾಯಿತೆಂದು ವಿಚಾರಿಸಿದರು. ಪ್ರೊಬೇಷನ್ ಭಯ ನನ್ನ ಬಾಯಲ್ಲಿ ಮಾತಾಡಿತು. "ಅಟೆಂಡರ್ ಪಾಠದ ಮಧ್ಯೆ ಬಾಯಿ ಹಾಕಿ ಮಕ್ಕಳಿಗೆ ಏನೇನೋ ತಪ್ಪು ಹೇಳ್ತಾರೆ, ಮೇಡಂ." ಇಷ್ಟೇ ಹೇಳಿದ್ದು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಮರುದಿನದಿಂದ ಕಾಕಾಗೆ ಗೇಟಿನಲ್ಲಿ ಬಸ್ಸುಗಳ ಡ್ಯೂಟಿ.

ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಅಲ್ಲಿ ನಮ್ಮ ನಡುಬೇಸಿಗೆಗಿಂತ ಹೆಚ್ಚು ಬಿಸಿಲು. ತಲೆಗೆ ಒಂದು ಒದ್ದೆ ಟವಲ್ ಹಾಕಿಕೊಂಡು ಅವರು ಬಸ್ಸು ಎಣಿಸುತ್ತ ನಿಂತಿರುತ್ತಿದ್ದರು. ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್ ಮೇಡಂ" ಅನ್ನುತ್ತಿದ್ದರು. ಅವರ ಬಾಯಲ್ಲಿ ನಾನು ಟೀಚರೇ ಆಗಿದ್ದವಳು ಮೇಡಂ ಆದೆ. ಅದು ಮನಸ್ಸಿಗೆ ಚುಚ್ಚಿದರೂ, ತಪ್ಪು ಅವರದೇ ಅಲ್ಲವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಲ್ಕು ವಾರ ಕಳೆದ ಮೇಲೆ ಆಫೀಸಿನ ಕ್ಲರ್ಕ್ ಹೇಳಿದ, ಗೇಟಿಗೆ ಆಗಲೇ ವಾಚ್‌ಮನ್ ಇರುವುದರಿಂದ ಕಾಕಾನ ವೀಸಾ ಈ ತಿಂಗಳು ಮುಗಿದರೆ ರಿನ್ಯೂ ಮಾಡುವುದಿಲ್ಲವಂತೆ, ಖಲಾಸ್, ಊರಿಗೆ. ನಾನು ಅಯ್ಯೋ ಪಾಪ ಅಂದೆ. ಅದರಾಚೆ ಏನೂ ಮಾಡಲಿಲ್ಲ.

ಆ ವಾರವೇ ಶುಕ್ರವಾರ ನಮ್ಮವರ ಆಫೀಸಿನ ನಾಲ್ಕು ಸಂಸಾರ ಸೇರಿ, ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಗುಡ್ಡಗಳ ನಡುವಿನ ಒಂದು ವಾದಿಗೆ, ಅಂದರೆ ಒಣಗಿದ ಹೊಳೆಯ ಪಾತ್ರಕ್ಕೆ, ಹೋದೆವು. ಅಲ್ಲಿ ಹತ್ತಾರು ವಿದೇಶಿ ವಿದ್ಯಾರ್ಥಿಗಳು ಸುತ್ತಿಗೆ ಹಿಡಿದು ಬಂಡೆಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ನಮ್ಮವರಿಗೆ ಯಾರನ್ನು ಕಂಡರೂ ಮಾತಾಡಿಸುವ ಚಟ. ಅವರ ಬಿಳಿಗಡ್ಡದ ಪ್ರೊಫೆಸರನ್ನು ಹೋಗಿ ಕೇಳಿಯೇಬಿಟ್ಟರು, ಏನು ಹುಡುಕುತ್ತಿದ್ದೀರಿ ಅಂತ. ಪ್ರೊಫೆಸರು ಒಂದು ಕಂದು ಕಲ್ಲನ್ನು ಒಡೆದರು, ಒಳಗೆ ಕಡುಹಸಿರು. ಕೋಟಿಗಟ್ಟಲೆ ವರ್ಷಗಳ ಹಿಂದೆ ಇದು ಸಮುದ್ರದ ತಳಕ್ಕಿಂತಲೂ ಕೆಳಗಿತ್ತು, ಭೂಮಿಯ ಫಲಕಗಳು ಗುದ್ದಾಡಿ ಮೇಲೆ ಬಂತು, ಇದನ್ನು ಮುಟ್ಟುವುದಕ್ಕೇ ನಾವು ವಿಮಾನ ಹತ್ತಿ ಬರುತ್ತೇವೆ ಅಂದರು. ಆಮೇಲೆ ನನ್ನ ಚಪ್ಪಲಿ ಕಾಲು ತೋರಿಸಿ, "ನೀವೀಗ ಮ್ಯಾಂಟಲ್ ಮೇಲೆ ನಿಂತಿದ್ದೀರಿ, ಮೇಡಂ," ಎಂದು ನಕ್ಕರು.

ನನ್ನ ಪಾಲಿನ ಪುಳಿಯೋಗರೆಯನ್ನು ಮುಚ್ಚಿಟ್ಟೆ. ಕಾಕಾ ಶಾಲೆಗೆ ಸೇರುವ ಮೊದಲು ಕಲ್ಲು ಪರೀಕ್ಷೆ ಮಾಡುವವರ ಕ್ಯಾಂಪಿನಲ್ಲಿ ಎರಡು ಚಳಿಗಾಲ ಅಡುಗೆ ಮಾಡಿದ್ದೆ ಅಂತ ಯಾವಾಗಲೋ ಹೇಳಿದ್ದರು. ನಾನು ಅರ್ಧ ಕಿವಿಯಲ್ಲಿ ಕೇಳಿದ್ದೆ. ಮೊಮ್ಮಗಳು ಅಜ್ಜಿಗೆ ಕೆಮ್ಮಲು ಕಲಿಸಿದ ಹಾಗೆ, ಮ್ಯಾಂಟಲ್ಲನ್ನು ಕೈಯಾರೆ ಮುಟ್ಟಿದವರಿಗೆ ನಾನು ಪಾಠ ಹೇಳಲು ಹೋಗಿದ್ದೆ.

ಕಾರಿನಲ್ಲಿ ನಮ್ಮವರಿಗೆ ಎಲ್ಲ ಹೇಳಿದೆ. "ಇನ್ನು ಎರಡು ವಾರಕ್ಕೆ ನಿನ್ನ ಪ್ರೊಬೇಷನ್ ಮುಗಿಯುತ್ತೆ ಕಣೇ. ಆಮೇಲೆ ಹೇಳಿದರಾಯಿತು," ಅಂದರು.

"ಎರಡು ವಾರಕ್ಕೆ ಅವರು ವಿಮಾನ ಹತ್ತಿರ್ತಾರೆ," ಅಂದೆ.

ಶನಿವಾರ ಬೆಳಿಗ್ಗೆ ಪ್ರಿನ್ಸಿಪಾಲ್ ಮುಂದೆ ಹೋಗಿ ನಿಂತೆ. ಕಾಕಾ ಹೇಳಿದ್ದು ಸರಿ, ತಪ್ಪು ಹೇಳಿದ್ದು ನಾನು, ಗುಳ್ಳೆಯನ್ನು ಸೆಲ್ ಅಂದಿದ್ದೂ ನಾನೇ, ಅವರು ಕಲಿಸದಿದ್ದರೆ ನನಗೆ ಒಂದು ಸ್ಲೈಡ್ ಕೂಡ ಬರುತ್ತಿರಲಿಲ್ಲ... ಒಂದೇ ಉಸಿರಿಗೆ ಎಲ್ಲ ಒದರಿದೆ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ನನಗೆ ಹೇಳಿದರೆ ಪ್ರಯೋಜನವಿಲ್ಲ. ತಪ್ಪು ಪಾಠ ಕೇಳಿದವರು ಮಕ್ಕಳು. ಅವರಿಗೆ ಹೇಳಿ," ಅಂದರು. ಮೂರನೇ ಪೀರಿಯಡ್ಡಿಗೆ ತಾವೇ ಬಂದು ಕೊನೆಯ ಬೆಂಚಿನಲ್ಲಿ ಕೂತರು.

ನಾನೇ ಗೇಟಿಗೆ ಹೋಗಿ ಕಾಕಾನನ್ನು ಕರೆತಂದೆ. "ಎಂಥ ಆಯ್ತು ಮೇಡಂ?" ಅಂತ ಅವರು ದಾರಿಯುದ್ದಕ್ಕೂ ಗಾಬರಿಯಿಂದ ಕೇಳುತ್ತಿದ್ದರು. ನನ್ನ ಕುರ್ಚಿಯಲ್ಲಿ ಕೂರಿಸಿದೆ. ಮಕ್ಕಳಿಗೆ ಹೇಳಿದೆ, ನಾನು ತಪ್ಪು ಹೇಳಿದ್ದೆ, ಅಂಕಲ್ ಸರಿ ಹೇಳಿದ್ದರು, ನೀವು ನಕ್ಕಿದ್ದು ನನ್ನಿಂದ. ಇಪ್ಪತ್ತೆಂಟು ಮಕ್ಕಳ ಮುಂದೆ ಅತ್ತುಬಿಟ್ಟೆ.

"ಇಷ್ಟಕ್ಕೆ ಎಂಥ ಅಳುವುದು ಟೀಚರೇ!" ಕಾಕಾ ಎದ್ದು ನಿಂತರು. "ಯಲ್ಲಾ, ಬೇಗ ಕಣ್ಣು ಒರೆಸ್ಕೊಳ್ಳಿ. ಮಕ್ಕಳು ಕಾಯ್ತಾ ಉಂಟು."

ಆಮೇಲೆ ಅವರೇ ಪಾಠ ಮಾಡಿದರು. ಕ್ಯಾಂಪಿನ ಸಾಹೇಬರು ಕಲ್ಲನ್ನು ಹೇಗೆ ಕಣ್ಣಿಗೆ ಹತ್ತಿರ ಹಿಡಿಯುತ್ತಿದ್ದರು, ಒಬ್ಬ ಮುದುಕ ಸಾಹೇಬ ಮೊದಲ ಸಲ ಆ ಬಂಡೆ ಮುಟ್ಟಿ ಹೇಗೆ ಟೋಪಿ ತೆಗೆದ, ತಾವು ಚಾ ಹಿಡಿದುಕೊಂಡು ಹೇಗೆ ಬಾಯಿ ಬಿಟ್ಟು ನಿಂತಿದ್ದರು, ಎಲ್ಲ ಹೇಳಿದರು. ಮಕ್ಕಳು ಒಬ್ಬೊಬ್ಬರಾಗಿ ಕಿಟಕಿಗೆ ಹೋಗಿ ಗುಡ್ಡ ನೋಡಿದರು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕೆಲಸ ಇದ್ದರೆ ಇರಲಿ, ಹೋದರೆ ಹೋಗಲಿ ಅನ್ನಿಸಿ, ಎಷ್ಟೋ ವಾರದ ಮೇಲೆ ಎದೆ ಹಗುರಾಗಿತ್ತು.

ಕೆಲಸ ಹೋಗಲಿಲ್ಲ. ಕಾಕಾ ಮರುದಿನವೇ ಲ್ಯಾಬಿಗೆ ಮರಳಿದರು, ವೀಸಾ ರಿನ್ಯೂ ಆಯಿತು. ನಾವು ಇನ್ನೂ ಆರು ವರ್ಷ ಜೊತೆಯಲ್ಲಿ ಕೆಲಸ ಮಾಡಿದೆವು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಲು ಆಮೇಲೆ ಎಂದೂ ಹೆದರಿಕೆಯಾಗಲಿಲ್ಲ. ಗೇಟಿನ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಅವರು ಊರಿಗೆ ಹೋದರು, ನಾವು ಮೈಸೂರಿಗೆ ಬಂದೆವು. ಹಬ್ಬಕ್ಕೊಂದು ಫೋನು ಇತ್ತು. ಅದೂ ನಿಂತು ಎಷ್ಟೋ ಕಾಲವಾಯಿತು...

ಈ ದಿನ ಕಿಟಕಿಯ ಬಳಿ ಕೂತವಳು ಏನೋ ತೋಚಿ ಕಾಕಾನ ಹಳೆಯ ನಂಬರಿಗೆ ಫೋನ್ ಮಾಡಿದೆ. ಮಗಳು ಎತ್ತಿಕೊಂಡಳು. ಅವರು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಯಾರೆಂದು ಹೇಳಿದ ಕೂಡಲೇ, "ಓ, ಬಾಪನನ್ನು ಕುರ್ಚಿಯಲ್ಲಿ ಕೂರಿಸಿ ಪಾಠ ಮಾಡಿಸಿದ ಟೀಚರ್ ಅಲ್ವಾ? ನಮ್ಮ ಮನೆಗೆ ಯಾರು ಬಂದ್ರೂ ಬಾಪ ಅದನ್ನೇ ಹೇಳ್ತಿದ್ರು," ಅಂದಳು. ಗೇಟಿನ ಐದು ವಾರದ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ಅವರು ಮನೆಯಲ್ಲೂ ಹೇಳಿರಲಿಲ್ಲ. ಸುಮ್ಮನೆ ಫೋನಿಡಬಹುದಿತ್ತು. ಮನಸ್ಸು ಬರಲಿಲ್ಲ, ನಾನೇ ಎಲ್ಲ ಹೇಳಿದೆ.

ಅವಳು ಜೋರಾಗಿ ನಕ್ಕಳು. "ಹಾಗಾದ್ರೆ ಆ ವರ್ಷ ಬಾಪ ರಜೆಗೆ ಅಷ್ಟು ಕಪ್ಪಾಗಿ ಬಂದದ್ದು ಅದಕ್ಕಾ! ಉಮ್ಮ ಕೇಳಿದ್ದಕ್ಕೆ, ಸಮುದ್ರಕ್ಕೆ ಈಜ್ಲಿಕ್ಕೆ ಹೋಗಿದ್ದೆ ಅಂದಿದ್ರು."

ನಾನೂ ನಕ್ಕೆ. ಕಾಕಾಗೆ ಈಜು ಬರುತ್ತಿರಲಿಲ್ಲ.